ಸಂಪಾದಕರ ಉತ್ತರ: ಪರದೆಯ ಮುಂದೆ ಕಲಿತ ಕಾಡುವಿದ್ಯೆ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಬುಷ್‌ಕ್ರಾಫ್ಟ್, ಅಂದರೆ ಕಾಡಿನಲ್ಲಿ ಬದುಕುವ ವಿದ್ಯೆಯ ಪಾಠಗಳನ್ನು ಕೆಲವು ತಿಂಗಳಿಂದ ರಾತ್ರಿ ಕೂತು ನೋಡುತ್ತಿದ್ದೀರಿ. ಟಿಪ್ಪಣಿ ಪುಸ್ತಕ ತುಂಬಿದೆ. ದುಡ್ಡು ಕೊಟ್ಟು ಶಿಬಿರಕ್ಕೆ ಸೇರುವ ಅನುಕೂಲ ಸದ್ಯಕ್ಕಿಲ್ಲ ಎಂದು ಬರೆದಿದ್ದೀರಿ. "ಪರದೆ ನೋಡಿ ಕಾಡು ಕಲಿತವರು ಯಾರಿದ್ದಾರೆ?" ಎಂದು ನಿಮ್ಮಣ್ಣ ಕೇಳಿದ್ದು ನಿಮ್ಮ ಮನಸ್ಸಿಗೆ ತಾಗಿದೆ. ಕೊನೆಗೆ ಮೂರು ಪ್ರಶ್ನೆ ಕೇಳಿದ್ದೀರಿ: ಈ ಪಾಠಗಳನ್ನು ನಂಬಬಹುದೇ, ಇಷ್ಟು ನೋಡಿದ ಮೇಲೆ ಒಂದು ರಾತ್ರಿ ಒಬ್ಬರೇ ಕಾಡಿನಲ್ಲಿ ಕಳೆಯಬಹುದೇ, ಯಾವ ಚಾಕು ಕೊಳ್ಳಬೇಕು.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಕಾಯುವ ಪ್ರಶ್ನೆಯಲ್ಲ. ಈಗ ಹೋಗಬೇಡಿ. ಯಾವಾಗ ಹೋಗಬಹುದು, ಅದಕ್ಕೆ ಮುಂಚೆ ಏನಾಗಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಅಣ್ಣನ ಮಾತು ಅರ್ಧ ಸರಿ. ಯಾವುದೇ ಪಾಠವನ್ನು ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ತಪ್ಪಿದರೆ ಅದು ನನಗೆ ಯಾವಾಗ ಗೊತ್ತಾಗುತ್ತದೆ? ಕೆಲವು ವಿದ್ಯೆಗಳಲ್ಲಿ ತಪ್ಪು ಆ ಕ್ಷಣದಲ್ಲೇ, ಕೈಯೊಳಗೇ ಗೊತ್ತಾಗುತ್ತದೆ. ಮರವೋ ಹಗ್ಗವೋ ನಿಮ್ಮನ್ನು ತಿದ್ದುತ್ತದೆ. ಅಂಥವನ್ನು ಪರದೆ ನೋಡಿ ಧಾರಾಳವಾಗಿ ಕಲಿಯಬಹುದು. ಇನ್ನು ಕೆಲವದರಲ್ಲಿ ತಪ್ಪು ತಿಳಿಯುವ ಹೊತ್ತಿಗೆ ತಿದ್ದುವ ಕಾಲ ಮುಗಿದಿರುತ್ತದೆ. ಅವಕ್ಕೆ ಪಕ್ಕದಲ್ಲಿ ಬಲ್ಲವರು ಬೇಕೇ ಬೇಕು.

ಬಿಲ್ಲಿನಿಂದ ಕಡ್ಡಿ ಕಡೆದು ಬೆಂಕಿ ತೆಗೆಯುವುದು ಮೊದಲ ಬಗೆಯದು. ಹುರಿ ಬಿಗಿದ ಒಂದು ಬಿಲ್ಲು, ಅದರಲ್ಲಿ ಸಿಕ್ಕಿ ತಿರುಗುವ ಕಡ್ಡಿ, ಕೆಳಗೊಂದು ಹಲಗೆ, ಮೇಲಿಂದ ಅದುಮಲು ಅಂಗೈಯಗಲದ ಮರದ ತುಂಡು. ಪಾಠದಲ್ಲಿ ಎರಡು ನಿಮಿಷಕ್ಕೆ ಕೆಂಡ ಬೀಳುತ್ತದೆ. ನಿಮ್ಮ ಕೈಯಲ್ಲಿ ಬೀಳುವುದಿಲ್ಲ. ಆಗ ಹಲಗೆಯ ಕಚ್ಚಿನಲ್ಲಿ ಸೇರಿದ ಪುಡಿಯನ್ನು ನೋಡಿ. ತಿಳಿಗಂದು ಬಣ್ಣವಿದ್ದು ತರಿತರಿಯಾಗಿದ್ದರೆ ಒತ್ತಡವೋ ವೇಗವೋ ಸಾಲದು. ಕಡ್ಡಿ ಕಿರ್ರೆಂದು ಕಿರುಚಿ, ತುದಿ ಹೊಳೆಯತೊಡಗಿದರೆ ಮರ ನುಣುಪಾಗಿಬಿಟ್ಟು ಉಜ್ಜುವುದನ್ನೇ ನಿಲ್ಲಿಸಿದೆ, ಕೆರೆದು ಒರಟು ಮಾಡಬೇಕು. ಹೊಗೆ ಮೇಲಿನ ತುಂಡಿನಿಂದ ಬರುತ್ತಿದ್ದರೆ ನಿಮ್ಮ ಶ್ರಮವೆಲ್ಲ ತಪ್ಪು ತುದಿಗೆ ಹೋಗುತ್ತಿದೆ. ಅಲ್ಲೊಂದು ಹಸಿ ಎಲೆ ಇಟ್ಟರೆ ಕಡ್ಡಿ ಜಾರಿಕೊಂಡು ತಿರುಗುತ್ತದೆ. ಪುಡಿ ಕಪ್ಪಾಗಿ, ನಯವಾಗಿ, ಬಿಲ್ಲು ನಿಲ್ಲಿಸಿದ ಮೇಲೂ ತಾನೇ ಹೊಗೆಯಾಡುತ್ತಿದ್ದರೆ ಒಳಗೆ ಕೆಂಡ ಹುಟ್ಟಿದೆ. ಊದಲು ಅವಸರಪಡಬೇಡಿ. ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡಿ, ಕೂಡಿಕೊಳ್ಳಲಿ, ಆಮೇಲೆ ಒಣನಾರಿನ ಗೂಡಿಗೆ ಇಳಿಸಿ. ಇಷ್ಟನ್ನೂ ನಿಮಗೆ ಹೇಳಿಕೊಟ್ಟದ್ದು ಪುಡಿ. ಗುರುಗಳು ಎದುರಿಗೆ ಇರಲೇಬೇಕೆಂದಿಲ್ಲ.

ಗಂಟುಗಳೂ ಹಾಗೆಯೇ. ಬೋಲೈನ್ ಎಂಬ ಕುಣಿಕೆಗಂಟು ಸರಿಯಾಗಿ ಬಿದ್ದಿದ್ದರೆ ಎಷ್ಟು ಜಗ್ಗಿದರೂ ಕುಣಿಕೆ ಬಿಗಿಯುವುದಿಲ್ಲ. ತಪ್ಪಿದ್ದರೆ ಜೀರುಕುಣಿಕೆಯಾಗುತ್ತದೆ ಅಥವಾ ಬಿಚ್ಚಿಹೋಗುತ್ತದೆ. ತರಗೆಲೆಯ ಹಾಸಿಗೆ ತೆಳುವಾಗಿದ್ದರೆ ಬೆನ್ನಿಗೆ ನೆಲ ತಣ್ಣಗೆ ತಾಕಿ ಎಬ್ಬಿಸುತ್ತದೆ.

ಈಗ ಎರಡನೆಯ ಬಗೆ. ಡೆತ್ ಕ್ಯಾಪ್ ಎಂಬ ಅಣಬೆ ನೋಡಲು ಸಾಧು. ತಿಂದು ಬದುಕಿದವರು ರುಚಿ ಚೆನ್ನಾಗಿತ್ತು ಎಂದೇ ಹೇಳಿದ್ದಾರೆ. ಅದರ ವಿಷ ಬೇಯಿಸಿದರೆ ಹೋಗುವುದಿಲ್ಲ. ತಿಂದು ಸಾಮಾನ್ಯವಾಗಿ 6ರಿಂದ 24 ಗಂಟೆಯವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಅದು ಇಳಿದು ಗುಣವಾದಂತೆ ಕಾಣುವ ಒಂದು ಬಿಡುವೂ ಇರುತ್ತದೆ. ಆ ಬಿಡುವಿನಲ್ಲೇ ಯಕೃತ್ತು ಹಾಳಾಗುತ್ತಿರುತ್ತದೆ. ಇಲ್ಲಿ ಯಾವ ಪುಡಿಯೂ ಬಣ್ಣ ಬದಲಿಸಿ ನಿಮ್ಮನ್ನು ಎಚ್ಚರಿಸುವುದಿಲ್ಲ. ಆದ್ದರಿಂದ ಕಾಡಿನ ಅಣಬೆ, ಕಾಯಿ, ಗೆಡ್ಡೆ ತಿನ್ನುವ ಪಾಠಗಳನ್ನು ಕುತೂಹಲಕ್ಕೆ ನೋಡಿ, ಬಾಯಿಗೆ ಹಾಕಬೇಡಿ. ಗಿಡದ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳ ಮಾತಿನ ಮೇಲೂ ಹಾಕಬೇಡಿ. ಒಂದೇ ಗಿಡವನ್ನು ಚಿಗುರಿನಿಂದ ಬೀಜದವರೆಗೆ, ಬಲ್ಲವರ ಜೊತೆ ನಿಂತು, ಮುಟ್ಟಿ, ಮೂಸಿ ಗುರುತಿಸಲು ಬಂದ ಮೇಲೆ ಯೋಚಿಸಬಹುದು.

ನೀರಿನ ಪಾಠವೂ ಇದೇ ಗುಂಪಿಗೆ ಸೇರುತ್ತದೆ. ತಿಳಿಯಾದ ತೊರೆಯ ನೀರಿನಲ್ಲಿ ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಇದ್ದರೆ ಭೇದಿ ಶುರುವಾಗುವುದು ಒಂದೆರಡು ವಾರ ಕಳೆದ ಮೇಲೆ. ಅಷ್ಟರಲ್ಲಿ "ನಾನು ಕುಡಿದೆ, ಏನೂ ಆಗಲಿಲ್ಲ" ಎಂದು ಆ ವಿಡಿಯೋ ಪ್ರಕಟವಾಗಿರುತ್ತದೆ! ಅದೃಷ್ಟಕ್ಕೆ ಇಲ್ಲಿ ನಿಯಮ ಸರಳ. ಕೊತಕೊತ ಕುದಿಯುವ ನೀರು ಒಂದು ನಿಮಿಷ ಕುದಿಯಲಿ. 2000 ಮೀಟರ್‌ಗಿಂತ ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಮೂರು ನಿಮಿಷ. ರಾಸಾಯನಿಕ ಸೇರಿದ ನೀರು ಎಷ್ಟು ಕುದಿಸಿದರೂ ಕುಡಿಯಲು ಬಾರದು. ಹಾವು ಕಚ್ಚಿದರೆ, ಮೂಳೆ ಮುರಿದರೆ, ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಎದುರಿಗೆ ಕೂತೇ ಕಲಿಯಿರಿ. ರೆಡ್ ಕ್ರಾಸ್ ಸಂಸ್ಥೆ ಪ್ರಥಮ ಚಿಕಿತ್ಸೆಯ ತರಗತಿಗಳನ್ನು ಹಲವು ದೇಶಗಳಲ್ಲಿ ನಡೆಸುತ್ತದೆ. ದುಡ್ಡು ಕೂಡಿದಾಗ ಶಿಬಿರಕ್ಕಿಂತ ಮೊದಲು ಅದಕ್ಕೆ ಸೇರಿ. ಗಾಯ ಕುಯ್ದು ವಿಷ ಹೀರುವ ದೃಶ್ಯವಿರುವ ಪಾಠ ಕಂಡರೆ ಆ ಶಿಕ್ಷಕರ ಉಳಿದ ಪಾಠಗಳನ್ನೂ ಕೈಬಿಡಿ.

ಪಾಠ ನಂಬಲು ಯೋಗ್ಯವೇ ಎಂದು ತಿಳಿಯಲು ನಾನು ನೋಡುವ ಗುರುತು ಒಂದಿದೆ. ಶಿಕ್ಷಕರು ಎಲ್ಲಿ, ಯಾವ ಋತುವಿನಲ್ಲಿ, ಯಾವ ಮರದಿಂದ ಮಾಡುತ್ತಿದ್ದೇನೆ ಎಂದು ಹೇಳುತ್ತಾರೋ ಇಲ್ಲವೋ? ಒಂದು ಕಾಡಿನ ಬುದ್ಧಿ ಇನ್ನೊಂದು ಕಾಡಿಗೆ ಹೊಂದುವುದಿಲ್ಲ. 1992ರಲ್ಲಿ ಕ್ರಿಸ್ ಮೆಕ್‌ಕ್ಯಾಂಡ್‌ಲೆಸ್ ಎಂಬ 24ರ ಯುವಕ ಅಲಾಸ್ಕಾದ ಕಾಡಿನಲ್ಲಿ ಒಬ್ಬನೇ ಇದ್ದ. ಜೂನ್‌ನಲ್ಲಿ ಮೂಸ್ ಎಂಬ ಭಾರಿ ಜಿಂಕೆಯೊಂದನ್ನು ಹೊಡೆದ. ತಿಂಗಳುಗಟ್ಟಲೆ ಸಾಕಾಗುವಷ್ಟು ಮಾಂಸ. ದಕ್ಷಿಣ ಡಕೋಟಾದ ಬೇಟೆಗಾರರು ಹೇಳಿಕೊಟ್ಟಿದ್ದಂತೆ ಅದನ್ನು ಹೊಗೆಗೆ ಹಿಡಿದ. ಅಲಾಸ್ಕಾದವರು ತೆಳುವಾಗಿ ಸೀಳಿ ಗಾಳಿಗೆ ಒಣಗಿಸುತ್ತಾರೆ. ಮಾಂಸ ಹುಳ ಬಿದ್ದು ಹೋಯಿತು. ಜುಲೈನಲ್ಲಿ ಹಿಂದಿರುಗಲು ಹೊರಟಾಗ ಟೆಕ್ಲಾನಿಕಾ ನದಿ ಉಕ್ಕಿ ಹರಿಯುತ್ತಿತ್ತು. ಒಂದು ಮೈಲಿಗೂ ಕಡಿಮೆ ದೂರದಲ್ಲಿ ಕೈಯಿಂದ ಎಳೆದುಕೊಂಡು ದಾಟುವ ತಂತಿ ತೊಟ್ಟಿಲಿತ್ತು. ಸರಿಯಾದ ನಕ್ಷೆ ಅವನಲ್ಲಿರಲಿಲ್ಲ. ಆಗಸ್ಟ್‌ನಲ್ಲಿ ತೀರಿಕೊಂಡ. ಅವನ ಜಾಣತನದ ಬಗ್ಗೆ ನನಗೆ ಸಂಶಯವಿಲ್ಲ, ಓದಿಕೊಂಡವನೇ. ಅದಕ್ಕೇ ಈ ಸಾವು ನನ್ನನ್ನು ಇಂದಿಗೂ ಕಾಡುತ್ತದೆ.

ಅದಕ್ಕೆ ಎದುರಾಗಿ 1971ರ ಡಿಸೆಂಬರ್ 24ರಂದು ಪೆರುವಿನ ಅಮೆಜಾನ್ ಕಾಡಿನ ಮೇಲೆ ವಿಮಾನ ಒಡೆದು ಬಿದ್ದಾಗ ಬದುಕುಳಿದದ್ದು 17 ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬಳೇ. ಕತ್ತಿನ ಬಳಿಯ ಎಲುಬು ಮುರಿದಿತ್ತು. ತಿನ್ನಲು ಸಿಕ್ಕಿದ್ದು ಒಂದಿಷ್ಟು ಮಿಠಾಯಿ. ಆದರೆ ತಂದೆತಾಯಿ ಆ ಕಾಡಿನಲ್ಲೇ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು, ಅವಳೂ ಅಲ್ಲಿ ಕೆಲಕಾಲ ಅವರ ಜೊತೆ ಇದ್ದಳು. ಝರಿ ಹಿಡಿದು ಕೆಳಗೆ ಹೋದರೆ ಹೊಳೆ, ಹೊಳೆ ಹಿಡಿದರೆ ಜನ ಎಂಬುದು ತಂದೆ ಕಲಿಸಿದ ಪಾಠ. ಹಾಗೆಯೇ ನಡೆದು ಹನ್ನೊಂದು ದಿನಗಳ ಬಳಿಕ ಮರ ಕಡಿಯುವವರ ಕಣ್ಣಿಗೆ ಬಿದ್ದಳು. ಅದೇ ಬುದ್ಧಿಯನ್ನು ಕಡಿದಾದ ಬೆಟ್ಟಗಳಲ್ಲಿ ಬಳಸಿದರೆ ಝರಿ ನಿಮ್ಮನ್ನು ಜಲಪಾತದ ನೆತ್ತಿಗೆ ಒಯ್ದು ನಿಲ್ಲಿಸಬಹುದು. ದಾರಿ ತಪ್ಪಿದ ಹೆಚ್ಚಿನವರಿಗೆ ಇದ್ದಲ್ಲೇ ಇರುವುದು ಒಳ್ಳೆಯದು.

ಪರದೆ ಮುಚ್ಚಿಡುವ ಇನ್ನೊಂದು ಸಂಗತಿ ಸಮಯ. ಒಣಗಿಸಿಟ್ಟ ಕಡ್ಡಿ, ಮೂರು ಸಲ ಸೋತು ನಾಲ್ಕನೆಯ ಸಲ ಹತ್ತಿದ ಬೆಂಕಿ ಎಲ್ಲವೂ ಕತ್ತರಿಗೆ ಸಿಕ್ಕಿ ಹತ್ತು ನಿಮಿಷವಾಗುತ್ತದೆ. ಸೋತದ್ದನ್ನೂ ತೋರಿಸುವವರನ್ನು ಹುಡುಕಿ. ಆಸ್ಟ್ರೇಲಿಯಾದ ಜಾನ್ ಪ್ಲಾಂಟ್ 2015ರಿಂದ ಹಾಕುತ್ತಿರುವ ವಿಡಿಯೋಗಳಲ್ಲಿ ಮಾತೇ ಇಲ್ಲ, ವಿವರಣೆ ಉಪಶೀರ್ಷಿಕೆಯಲ್ಲಿದೆ. ಅದನ್ನು ಹಾಕಿಕೊಳ್ಳದೆ ನೋಡಿದರೆ ಅರ್ಧ ಪಾಠ ತಪ್ಪಿಹೋಗುತ್ತದೆ. ಕಷ್ಟದ ಜಾಗದಲ್ಲಿ ಬದುಕುಳಿಯುವ ಬಗೆಗಿನ ಅಮೆರಿಕ ಸೇನೆಯ ಎಫ್‌ಎಂ 21-76 ಕೈಪಿಡಿಯೂ ಉಚಿತವಾಗಿ ಸಿಗುತ್ತದೆ, ಒಳ್ಳೆಯದೇ. ಆದರೆ ಅದು ಸೈನಿಕರಿಗೆ ಬರೆದದ್ದು ಎಂಬುದು ನೆನಪಿರಲಿ.

ನಿಮ್ಮ ಟಿಪ್ಪಣಿಯ ಪಟ್ಟಿಯಲ್ಲಿ ಬೋನು, ಬಲೆ, ಈಟಿ ಮೊದಲಿವೆ. ಅವನ್ನು ಕೊನೆಗೆ ಹಾಕಿ. ಊಟವಿಲ್ಲದೆ ಮನುಷ್ಯ ವಾರಗಟ್ಟಲೆ ಇರಬಲ್ಲ, ನೀರಿಲ್ಲದೆ ಸುಮಾರು ಮೂರು ದಿನ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಸಿಕ್ಕಿದರೆ ಕೆಲವೇ ಗಂಟೆ. ಇದಕ್ಕೆ ಹಿಮ ಬೀಳಬೇಕಾಗಿಲ್ಲ, 10 ಡಿಗ್ರಿಯ ಮಳೆ ಸಾಕು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಸಾಗಿಸುತ್ತದೆ. ಒಳಮೈ ಶಾಖ 35 ಡಿಗ್ರಿಗಿಂತ ಇಳಿದರೆ ಹೈಪೋಥರ್ಮಿಯಾ. ಮೊದಲು ನಡುಕ, ಆಮೇಲೆ ತೊದಲು, ಎಡವುವುದು, ಬೆರಳು ಹೇಳಿದ ಮಾತು ಕೇಳದಿರುವುದು. ಆ ಬೆರಳಿನಲ್ಲಿ ಬಿಲ್ಲು ಹಿಡಿದು ಕಡೆಯುವುದಿರಲಿ, ಬೆಂಕಿಕಡ್ಡಿ ಗೀರುವುದೂ ಕಷ್ಟ. ಆದ್ದರಿಂದ ಕಡೆದು ಬೆಂಕಿ ತೆಗೆಯಲು ಬಂದರೂ ಲೈಟರ್ ಜೇಬಿನಲ್ಲಿರಲಿ. ಬೆಚ್ಚಗಿರುವುದು, ನೀರು, ಗುರುತು ಕೊಡುವುದು, ನಕ್ಷೆ ಮತ್ತು ದಿಕ್ಸೂಚಿ: ಪಟ್ಟಿ ಈ ಕ್ರಮದಲ್ಲಿರಲಿ. ಒಂದು ಸೀಟಿ ಕತ್ತಿಗೆ ಕಟ್ಟಿಕೊಳ್ಳಿ. ಮೂರು ಸಲ ಊದುವುದು ಬಹಳ ಕಡೆ ಅಪಾಯದ ಸಂಕೇತ, ಆಲ್ಪ್ಸ್‌ನಲ್ಲಿ ನಿಮಿಷಕ್ಕೆ ಆರು ಸಲ.

ಇನ್ನು ಆ ಒಂದು ರಾತ್ರಿಯ ವಿಚಾರ. ಮೊದಲ ರಾತ್ರಿಯನ್ನು ಮನೆ ಕೂಗಳತೆಯಲ್ಲಿರುವ ಬಯಲಿನಲ್ಲಿ ಕಳೆಯಿರಿ. ನೀವೇ ಕಟ್ಟಿದ ಆಸರೆ, ನೀವೇ ಹಾಸಿದ ತರಗು, ತಡೆಯಲಾಗದಿದ್ದರೆ ಎದ್ದು ಒಳಗೆ ಬರುವ ಸ್ವಾತಂತ್ರ್ಯ. ಮಳೆಯ ರಾತ್ರಿಯೂ ಒಂದಿರಲಿ. ಒದ್ದೆ ಪುರಲೆಯಿಂದ ಬೆಂಕಿ ಹೊತ್ತಿಸಲು ಬರುವವರೆಗೆ ಕಾಡಿನ ಮಾತು ಬೇಡ. ಆಮೇಲೆ ಜೊತೆಗೊಬ್ಬರನ್ನು ಕರೆದುಕೊಂಡು ಕಾಡಿಗೆ ಹೋಗಿ, ಅರಣ್ಯದವರ ಅನುಮತಿ ಪಡೆದು, ಬೆಂಕಿ ಹಾಕಬಹುದೇ, ಮರ ಕಡಿಯಬಹುದೇ ಎಂದು ಕೇಳಿಕೊಂಡು. ಯಾವ ದಾರಿ, ಯಾವ ಹೊತ್ತಿಗೆ ವಾಪಸು, ಬಾರದಿದ್ದರೆ ಯಾರಿಗೆ ಹೇಳಬೇಕು ಎಂದು ಬರೆದು ಅಣ್ಣನ ಕೈಗೆ ಕೊಡಿ. ಹುಡುಕಲು ಬರುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ಅಣ್ಣ ಜೊತೆಗೇ ಬಂದರೆ ಇನ್ನೂ ಸಂತೋಷ, ಕರೆದು ನೋಡಿ.

ಚಾಕು: ಮಡಚುವಂಥದ್ದು ಬೇಡ. ಅಲಗು ಸುಮಾರು 10 ಸೆಂಟಿಮೀಟರ್, ಅದೇ ಉಕ್ಕು ಹಿಡಿಯ ತುದಿಯವರೆಗೆ ಹೋಗಿರಲಿ, ಗರಗಸದ ಹಲ್ಲು ಬೇಡ, ಸಾಣೆ ಹಿಡಿಯುವುದು ಕಷ್ಟ. ಕೂತು ಕೆತ್ತುವಾಗ ಮೊಣಕೈಗಳನ್ನು ಮೊಣಕಾಲಿನ ಮೇಲೆ ಊರಿ, ಚಾಕು ಮೊಣಕಾಲಿನಿಂದಾಚೆ ಓಡಲಿ. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳವಿದೆ, ಅಲ್ಲಿ ಕೊಯ್ದರೆ ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಬರುತ್ತದೆ. ಒಣಕಡ್ಡಿಯ ಮೇಲೆ ಸುರುಳಿ ಸುರುಳಿಯಾಗಿ ಸಿಪ್ಪೆ ಎಬ್ಬಿಸಿ, ಒಂದೂ ಉದುರದಂತೆ ಕಡ್ಡಿಗೇ ಅಂಟಿಸಿಡುವುದನ್ನು ಈ ವಾರದಿಂದಲೇ ಅಭ್ಯಾಸ ಮಾಡಿ. ಸುರುಳಿ ಉದುರುತ್ತಿದ್ದರೆ ಅಲಗಿನ ಓರೆ ಹೆಚ್ಚಾಗಿದೆ ಅಥವಾ ಚಾಕು ಮೊಂಡಾಗಿದೆ.

ನಿಮ್ಮ,
ಸಂಪಾದಕ