ಶ್ರೀಲಂಕಾದ ಜಮೀನು ನೋಂದಣಿ ಸಿಂಗಾಪುರದಷ್ಟೇ ಪಾರದರ್ಶಕವೇ? ರಿಜಿಸ್ಟರ್ ನಕಲು ನೋಡಿ ಸೈಟ್ ಕೊಳ್ಳಬಹುದೇ?

ನಕಲಿನಲ್ಲಿ ಮಾರುವವರ ಹೆಸರೇ ಇದೆ, ಸಾಲ ಇಲ್ಲ, ಇನ್ನೇನು ಬೇಕು ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನು ಹೆಂಡತಿಗೆ ಹೇಳಿದ್ದೂ ಇದೇ ಮಾತು. ಅವಳು ಅದನ್ನು ಇನ್ನೂ ಮರೆತಿಲ್ಲ.

ಅವಳು ಕೊಲಂಬೊದವಳು, ನಾನು ತುಮಕೂರಿನವನು, ಇರುವುದು ಸಿಂಗಾಪುರದಲ್ಲಿ. ಆಗಷ್ಟೇ ಇಲ್ಲೊಂದು ಸಣ್ಣ ಕಾಂಡೊ ಕೊಂಡಿದ್ದೆವು. ವಕೀಲರು ಆನ್‌ಲೈನ್‌ನಲ್ಲಿ ದಾಖಲೆ ತೆಗೆದರು. ಯಾರ ಹೆಸರಿನಲ್ಲಿದೆ, ಯಾವ ಬ್ಯಾಂಕಿನ ಸಾಲ ಇದೆ, ಯಾರಾದರೂ ಕೇವಿಯಟ್ (ಆ ಆಸ್ತಿಯಲ್ಲಿ ತನಗೂ ಹಕ್ಕಿದೆ ಅನ್ನುವ ಸೂಚನೆ) ಹಾಕಿದ್ದಾರಾ, ಅಷ್ಟೇ. ಇಲ್ಲಿನದು ಟಾರೆನ್ಸ್ ಪದ್ಧತಿ. ಮೋಸದಂಥ ಕೆಲವು ಪ್ರಸಂಗ ಬಿಟ್ಟರೆ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಮಾಲೀಕ. ಅವನ ಅಜ್ಜ ಯಾರಿಂದ ಕೊಂಡ ಅಂತ ಕೆದಕಬೇಕಾಗಿಲ್ಲ.

ಅದೇ ಗುಂಗಿನಲ್ಲಿ ಶ್ರೀಲಂಕಾದ ಪಶ್ಚಿಮ ಕರಾವಳಿಯಲ್ಲಿ ಹೆಂಡತಿಯ ಹೆಸರಿಗೆ 20 ಪರ್ಚ್ ಜಾಗ ನೋಡಿದೆವು. ಅಲ್ಲಿ ಅಳತೆ ಪರ್ಚ್‌ನಲ್ಲಿ. ನಾಲ್ಕು ಪರ್ಚ್ ಅಂದರೆ ನಮ್ಮ ಒಂದು ಗುಂಟೆ, ಹಾಗಾಗಿ ಐದು ಗುಂಟೆ. ನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿದೆ, ದಪ್ಪ ಪುಸ್ತಕ ತೆಗೆದುಕೊಟ್ಟರು. ನಮ್ಮ ಜಾಗದ ಪುಟದಲ್ಲಿ ತಾಯಿ ಮಗನಿಗೆ ಬರೆದ ದಾನಪತ್ರ ಇತ್ತು. ಮಗನೇ ಮಾರುವವನು. ಸಾಲ ಇಲ್ಲ. ನನಗೆ ಖುಷಿಯೋ ಖುಷಿ.

ತಪ್ಪು ಆಗಿದ್ದು ಅಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಪುಟದ ಮೇಲ್ಭಾಗದಲ್ಲಿ ಒಂದು ಸಾಲು ಇತ್ತು: ಇಂಥ ಸಂಪುಟದ ಇಂಥ ಪುಟದಿಂದ ಮುಂದುವರಿದಿದೆ ಅಂತ. ನೀಲಿ ಶಾಯಿ, ಮಾಸಿದ ಅಕ್ಷರ. ನಾನು ಅದನ್ನು ಓದಿದೆ. ಓದಿ, ಕಚೇರಿಯವರ ಲೆಕ್ಕದ ನಂಬರ್ ಇರಬೇಕು ಅಂದುಕೊಂಡೆ. ಆ ಹಳೇ ಪುಸ್ತಕವೂ ಅದೇ ಕಪಾಟಿನಲ್ಲೇ ಇತ್ತಂತೆ! ಕೇಳಿದ್ದರೆ ಕೊಡುತ್ತಿದ್ದರು. ಅದರಲ್ಲಿ 1971ರ ಪತ್ರ ಇತ್ತು. ಮಾರುವವನ ಅಜ್ಜ ಆ ಜಾಗವನ್ನು ತನ್ನ ಮಗಳಿಗೂ, ಅಂದರೆ ಈ ತಾಯಿಗೂ, ತನ್ನ ಮಗನಿಗೂ ಸಮಪಾಲಾಗಿ ಬರೆದುಕೊಟ್ಟಿದ್ದ. ಅಂದರೆ ತಾಯಿಯ ಪಾಲು ಬರೀ ಅರ್ಧ. ಆದರೆ ಮಗನಿಗೆ ಪೂರ್ತಿ ಬರೆದಿದ್ದಳು, ಅದು ನೋಂದಣಿಯೂ ಆಗಿತ್ತು. ಯಾಕೆಂದರೆ ಅಲ್ಲಿ 1927ರ ಕಾಯ್ದೆ ಪ್ರಕಾರ ನೋಂದಣಿಯಾಗುವುದು ಪತ್ರ, ಮಾಲೀಕತ್ವ ಅಲ್ಲ. ನಮ್ಮೂರಿನ ಇಸಿಯೂ (ಋಣಭಾರ ಪ್ರಮಾಣಪತ್ರ) ಹಾಗೇ ಅಲ್ವಾ? ಯಾವ ಪತ್ರ ಆಗಿದೆ ಅಂತ ಹೇಳುತ್ತದೆ, ಆಸ್ತಿ ಯಾರದು ಅಂತ ತೀರ್ಪು ಕೊಡುವುದಿಲ್ಲ. ತುಮಕೂರಿನಲ್ಲಿ ಇದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಂಗಾಪುರದಲ್ಲಿ ಆರಾಮಾಗಿದ್ದು ಮರೆತುಬಿಟ್ಟೆ. ನಮ್ಮ ಪತ್ರ ಬರೆದ ನೋಟರಿಯೂ ಮಾರುವವನ ಕಡೆಯವರೇ. ಬೇರೆ ವಕೀಲರಿಗೆ ಸುಮ್ನೆ ಯಾಕೆ ದುಡ್ಡು ಅಂತ ಉಳಿಸಿದೆ.

ಪಾಯ ತೋಡುವಾಗ, ಅರ್ಧ ಪಾಲು ಪಡೆದಿದ್ದ ಅಜ್ಜನ ಆ ಮಗನ ಮಗಳು ಕ್ಯಾಂಡಿಯಿಂದ ಬಂದರು. ಜಗಳ ಆಡಲಿಲ್ಲ, ಒಂದು ಜೆರಾಕ್ಸ್ ಕೊಟ್ಟರು. ಕೋರ್ಟಿಗೆ ಹೋದರೆ ಎಷ್ಟು ವರ್ಷವೋ ಅಂತ ನಮ್ಮ ವಕೀಲರು ಹೇಳಿದರು. ಅವರ ಅರ್ಧಕ್ಕೆ ಆಗಿನ ಮಾರುಕಟ್ಟೆ ಬೆಲೆ ಕೊಟ್ಟೆವು. ಮಾರಿದವನಿಂದ ಒಂದು ಪೈಸೆಯೂ ವಾಪಸ್ ಬರಲಿಲ್ಲ.

ಹಾಗಾಗಿ ಯಾವ ದೇಶ ಜಾಸ್ತಿ ಪಾರದರ್ಶಕ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಶ್ರೀಲಂಕಾದಲ್ಲಿ ಯಾರೂ ನನ್ನಿಂದ ಏನನ್ನೂ ಬಚ್ಚಿಡಲಿಲ್ಲ. ಕಾಣುವ ದಾಖಲೆಗೆ ಸರ್ಕಾರ ಹೊಣೆ ನಿಲ್ಲುತ್ತದಾ ಅಂತ ಕೇಳಿ. 1998ರ ಕಾಯ್ದೆಯಡಿ 'ಬಿಮ್ ಸವಿಯ' ಯೋಜನೆಯಲ್ಲಿ ಮಾಲೀಕತ್ವದ ಪ್ರಮಾಣಪತ್ರ ಕೊಟ್ಟಿರುವ ಜಾಗವಾದರೆ ಮಾತು ಬೇರೆ. ಇಲ್ಲದಿದ್ದರೆ ನಿಮ್ಮದೇ ವಕೀಲರನ್ನು ಇಟ್ಟು ಕಡೇಪಕ್ಷ 30 ವರ್ಷದ ಪತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡಿಸಿ. ಪಾಲಾಗದ ಜಂಟಿ ಆಸ್ತಿ ಅಂದರೆ ಚಿನ್ನದ ನೆಲವಾದರೂ ಬೇಡ.

ಅಂದ ಹಾಗೆ, ನಿಮ್ಮದು ಭಾರತದ ಪಾಸ್‌ಪೋರ್ಟ್ ಅಂತ ಬರೆದಿದ್ದೀರಿ. ಹಾಗಿದ್ದರೆ 2014ರ ಕಾಯ್ದೆ ಪ್ರಕಾರ ವಿದೇಶಿಯರಾದ ನಿಮಗೆ ಶ್ರೀಲಂಕಾದಲ್ಲಿ ಜಮೀನು ಕೊಳ್ಳುವುದಕ್ಕೇ ಆಗುವುದಿಲ್ಲ. ಲೀಸ್, ಇಲ್ಲವೇ ನಾಲ್ಕನೇ ಮಹಡಿಯ ಅಥವಾ ಅದಕ್ಕೂ ಮೇಲಿನ ಫ್ಲ್ಯಾಟ್ ಆದರೆ ದಾರಿ ಇದೆ. ಇದನ್ನು ಹೇಳದೆ ಬ್ರೋಕರ್ ಅಡ್ವಾನ್ಸ್ ಕೇಳುತ್ತಿದ್ದರೆ ಅವರ ಫೋನ್ ಎತ್ತಬೇಡಿ. ಸ್ನೇಹಿತನ ಹೆಸರಿನಲ್ಲಿ ತೆಗೆದುಕೊಳ್ಳುವ ಯೋಚನೆಯನ್ನಂತೂ ಮಾಡಲೇಬೇಡಿ.

ಆ ನಕಲು ನಿಮ್ಮ ಕೈಯಲ್ಲೇ ಇದೆಯಲ್ವಾ? ಪುಟದ ಮೇಲ್ಭಾಗದಲ್ಲಿ ಹಿಂದಿನ ಪುಟದ ನಂಬರ್ ಏನಿದೆ, ನೋಡಿ ಹೇಳಿ.