ಪ್ರತಿಕ್ರಿಯೆ: ಅಜ್ಜನ ಬೇಸಿಗೆ ಶಿಬಿರ ಶುರುವಾದ ವರ್ಷ ಯಾವುದು?

ಅಜ್ಜ ಶಿರಸಿಯಲ್ಲಿ ನಡೆಸಿದ ಶಿಬಿರದ ಮೊದಲ ವರ್ಷವನ್ನು ಅಪ್ಪ ಒಂದು ಹೇಳುತ್ತಾರೆ, ಚಿಕ್ಕಪ್ಪ ಇನ್ನೊಂದು ಹೇಳುತ್ತಾರೆ, ಸ್ಮರಣ ಸಂಚಿಕೆಯಲ್ಲಿ ಯಾವುದನ್ನು ಹಾಕುವುದು ಅಂತ ಕೇಳಿದ್ದೀರಿ. ಬಹುಶಃ ಇಬ್ಬರೂ ಎಣಿಸುತ್ತಿರುವ ಶುರುವೇ ಬೇರೆ. ಒಬ್ಬರದ್ದು ನೆಂಟರ ಮಕ್ಕಳು ಜಗಲಿಯಲ್ಲಿ ಸೇರಿದ್ದು, ಇನ್ನೊಬ್ಬರದ್ದು ಫೀ ತಗೊಂಡು ನಡೆಸಿದ್ದು.

ಮೊದಲು ಹಳೇ ರಸೀದಿ ಹುಡುಕಿ. ವಿಳಾಸದಲ್ಲಿ 581401 ಇದ್ದರೆ ಅದು 1972ರ ಆಗಸ್ಟ್ ನಂತರದ್ದು, ಪಿನ್‌ಕೋಡ್ ಬಂದಿದ್ದೇ ಆಗ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್‌ಗಿಂತ ಮುಂಚೆ ಅಚ್ಚಾಗಿರಬೇಕು. ಆದರೆ ಅಚ್ಚು ಹಾಕಿಸಿದ ರಸೀದಿ ಪುಸ್ತಕವನ್ನು ಮುಗಿಯುವ ತನಕ ಯಾರೂ ಬಿಸಾಡುವುದಿಲ್ಲ ಅಲ್ವಾ, ಅದೊಂದನ್ನೇ ನಂಬಬೇಡಿ.

ಆಮೇಲೆ ಅಜ್ಜಿಯನ್ನು ಕೇಳಿ. ಇಸವಿ ಕೇಳಿದರೆ ಸುಮ್ನೆ ಗೊಂದಲ. 'ಆ ವರ್ಷ ಮಾರಿಕಾಂಬಾ ಜಾತ್ರೆ ಇತ್ತಾ?' ಅನ್ನಿ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಬೇಸಿಗೆ ರಜೆಗೆ ಸ್ವಲ್ಪ ಮುಂಚೆ. ಅನುಮಾನದಲ್ಲಿರುವ ವರ್ಷಗಳಲ್ಲಿ ಅರ್ಧದಷ್ಟು ಅಲ್ಲೇ ಉದುರುತ್ತವೆ.

ಆದರೂ ಬಗೆಹರಿಯದಿದ್ದರೆ ಸ್ಮರಣ ಸಂಚಿಕೆಯಲ್ಲಿ ಎರಡೂ ವರ್ಷ ಹಾಕಿ, ಯಾವುದು ಯಾವುದರ ಶುರು ಅಂತ ಪಕ್ಕದಲ್ಲೇ ಬರೆಯಿರಿ.