ಆರ್ಮಿ ನಂಬರ್ ಇಲ್ಲದೆ ದೆಹಲಿಗೆ ಹೊರಡಬೇಡಿ

ನಿಮ್ಮ ಪ್ರಶ್ನೆಯನ್ನು ಓದಿ ಮುಗಿಸುವ ಮೊದಲೇ ನನಗೆ 2022ರ ಡಿಸೆಂಬರ್ ನೆನಪಾಯಿತು. ಹದಿನಾಲ್ಕು ದಿನಗಳ ರಜೆಯಲ್ಲಿ ಪತ್ನಿಯೊಡನೆ ಬೆಂಗಳೂರಿನಿಂದ ದೆಹಲಿಗೆ ಕಾರಿನಲ್ಲಿ ಹೋಗುವುದು, ದಾರಿಯ ಕೋಟೆಗಳನ್ನೂ ಸ್ಮಾರಕಗಳನ್ನೂ ನೋಡುವುದು, ಕೊನೆಗೆ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, ಬರ್ಮಾ ಯುದ್ಧದಲ್ಲಿ ಮಡಿದ ಅವರ ತಾತನ ಹೆಸರಿಗೆ ಕೈಮುಗಿದು ಬರುವುದು, ಇದರ ನಡುವೆ ಎಷ್ಟು ಸ್ಥಳಗಳನ್ನು ಸೇರಿಸಿಕೊಳ್ಳಬಹುದು ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ನನ್ನ ಪಟ್ಟಿಯಲ್ಲಿ ಹನ್ನೊಂದು ಸ್ಥಳಗಳಿದ್ದವು, ಅವುಗಳಲ್ಲಿ ಒಂಬತ್ತನ್ನು ನೋಡಿಯೂ ನೋಡಿದೆವು, ಹೋದ ಕೆಲಸವೊಂದು ಮಾತ್ರ ಆಗಲಿಲ್ಲ.

ನನ್ನ ಪತ್ನಿಯ ಸೋದರಮಾವ 1971ರ ಯುದ್ಧದಲ್ಲಿ ತೀರಿಕೊಂಡವರು. ಆಗ ಆಕೆಗೆ ಐದು ವರ್ಷ. ಹಾಸನದ ಕಡೆಯ ಅವರ ಊರಿಗೆ ತಂತಿ ಬಂದದ್ದು, ದಿನವೂ ಜಗಲಿಯ ಮೇಲೆ ಕುಳಿತು ನೀರು ಕೇಳಿ ಕುಡಿಯುತ್ತಿದ್ದ ಅಂಚೆಯವನು ಅಂದು ಕೂರದೆ ಅಂಗಳದಲ್ಲೇ ನಿಂತಿದ್ದದ್ದು ಆಕೆಗೆ ನೆನಪಿದೆ. ಮಾವನ ಮುಖ ನೆನಪಿಲ್ಲ. 2019ರ ಫೆಬ್ರವರಿ 25ರಂದು ದೆಹಲಿಯ ಸ್ಮಾರಕ ಉದ್ಘಾಟನೆಯಾದದ್ದನ್ನು ಟಿವಿಯಲ್ಲಿ ನೋಡಿದ ದಿನವೇ ಆಕೆ, ‘ಅಲ್ಲಿ ಮಾವನ ಹೆಸರೂ ಇರಬೇಕಲ್ಲವೇ’ ಎಂದಿದ್ದಳು. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಹೋಗೋಣ ಎಂದಿದ್ದೆ.

ನಿವೃತ್ತನಾದೆ. ಕೈಯಲ್ಲಿ ಬೇಕಾದಷ್ಟು ಸಮಯವಿತ್ತು, ಆ ಸಮಯವನ್ನೆಲ್ಲ ನಾನು ಪಟ್ಟಿ ಮಾಡುವುದರಲ್ಲಿ ಕಳೆದೆ. ರಾಷ್ಟ್ರೀಯ ಹೆದ್ದಾರಿ 44 ಬೆಂಗಳೂರಿನಿಂದ ಹೈದರಾಬಾದ್, ನಾಗಪುರ, ಝಾನ್ಸಿ, ಗ್ವಾಲಿಯರ್, ಆಗ್ರಾಗಳನ್ನು ಹಾದು ದೆಹಲಿ ಸೇರುತ್ತದೆ. ಒಟ್ಟು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಈ ರಸ್ತೆಯ ಎರಡೂ ಮಗ್ಗುಲಲ್ಲಿ ಇರುವ ಕೋಟೆಗಳನ್ನು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಲೇಪಾಕ್ಷಿಗೆ ಒಂದೂವರೆ ಗಂಟೆ, ಗುತ್ತಿ ಕೋಟೆಗೆ ಎರಡು ಗಂಟೆ, ಗೋಲ್ಕೊಂಡಕ್ಕೆ ಅರ್ಧ ದಿನ, ಹೀಗೆ ಪ್ರತಿಯೊಂದಕ್ಕೂ ಒಂದು ಸಮಯವನ್ನು ನೋಟುಪುಸ್ತಕದಲ್ಲಿ ಬರೆದು, ನೋಡಿ ಮುಗಿದದ್ದರ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತ ಹೋದೆ. ಲೆಕ್ಕಪತ್ರ ತಾಳೆ ನೋಡಿದ ಕೈ, ಸುಮ್ಮನಿರಲಿಲ್ಲ. ಗೋಲ್ಕೊಂಡದ ಫತೇ ದರ್ವಾಜಾದ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸ್ಸಾರ್‌ಗೆ ಕೇಳಿಸುತ್ತದೆ ಎನ್ನುವುದು ಪ್ರಸಿದ್ಧ ಸಂಗತಿ. ನಾನು ಕೆಳಗೆ ನಿಂತು ಚಪ್ಪಾಳೆ ತಟ್ಟಿದೆ, ಮೇಲೆ ಹತ್ತಿ ಕೇಳಿಸಿಕೊಳ್ಳುವುದಕ್ಕೆ ನನ್ನ ಪಟ್ಟಿಯಲ್ಲಿ ಸಮಯವಿರಲಿಲ್ಲ. ಔರಂಗಜೇಬನ ಸೈನ್ಯ 1687ರಲ್ಲಿ ಆ ಕೋಟೆಯನ್ನು ಗೆಲ್ಲಲು ಸುಮಾರು ಎಂಟು ತಿಂಗಳು ಮುತ್ತಿಗೆ ಹಾಕಿ ಕುಳಿತಿತ್ತು. ನಾನು ಅದನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸಿದೆ.

ಗ್ವಾಲಿಯರ್‌ನ ಫೂಲ್‌ಬಾಗ್‌ನಲ್ಲಿ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಸಮಾಧಿ ಇದೆ. ಝಾನ್ಸಿಯಲ್ಲಿ ಹೋರಾಡಿದಾಕೆ 1858ರ ಜೂನ್‌ನಲ್ಲಿ ಮಡಿದದ್ದು ಗ್ವಾಲಿಯರ್‌ನಲ್ಲಿ ಎಂಬುದನ್ನು ನಾನು ಅಲ್ಲಿಗೆ ಹೋಗುವವರೆಗೆ ಸರಿಯಾಗಿ ಯೋಚಿಸಿರಲಿಲ್ಲ. ನನ್ನ ಪತ್ನಿ ಆ ಸಮಾಧಿಯ ಮುಂದೆ ಹುಲ್ಲಿನ ಮೇಲೆ ಕುಳಿತುಬಿಟ್ಟಳು. ನಾನು ಎರಡು ಬಾರಿ ಗಡಿಯಾರ ನೋಡಿದ ಮೇಲೆ, ‘ರೀ, ನಾವು ನೋಡುವುದಕ್ಕೆ ಬಂದಿದ್ದೇವೋ, ಹಾಜರಿ ಹಾಕುವುದಕ್ಕೆ ಬಂದಿದ್ದೇವೋ’ ಎಂದು ಕೇಳಿದಳು. ನಾನು ಅದನ್ನು ತಮಾಷೆ ಎಂದುಕೊಂಡೆ. ಮರುದಿನ ಡಿಸೆಂಬರ್ 16, ಶುಕ್ರವಾರ, ಆಗ್ರಾ ತಲುಪಿದೆವು. ತಾಜ್‌ಮಹಲ್‌ಗೆ ಶುಕ್ರವಾರ ರಜೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು, ಹನ್ನೊಂದು ಸ್ಥಳಗಳ ಪಟ್ಟಿ ಮಾಡಿದವನಿಗೆ ಗೊತ್ತಿರಲಿಲ್ಲ. ಆದರೆ ನಾನು ಹೇಳಹೊರಟಿರುವ ತಪ್ಪು ಅದಲ್ಲ.

ಶನಿವಾರ ಸಂಜೆ ನಾಲ್ಕೂಕಾಲಕ್ಕೆ ಇಂಡಿಯಾ ಗೇಟ್ ಪಕ್ಕದ ಯುದ್ಧ ಸ್ಮಾರಕದೊಳಗೆ ಹೋದೆವು. ನನ್ನ ಪಟ್ಟಿಯಲ್ಲಿ ಅದಕ್ಕೆ ಇದ್ದ ಸಮಯ ಒಂದು ಗಂಟೆ ಹದಿನೈದು ನಿಮಿಷ. ಅದು ಒಂದರೊಳಗೊಂದು ವೃತ್ತಗಳಾಗಿ ಕಟ್ಟಿದ ಸ್ಥಳ. ನಡುವೆ ಸ್ತಂಭ ಮತ್ತು ಆರದ ಜ್ಯೋತಿಯಿರುವ ಅಮರ ಚಕ್ರ, ಅದರ ಸುತ್ತ ವೀರತಾ ಚಕ್ರ, ಅದರಾಚೆ ತ್ಯಾಗ ಚಕ್ರ, ಎಲ್ಲಕ್ಕಿಂತ ಹೊರಗೆ ಮರಗಳ ಸಾಲಿನ ರಕ್ಷಕ ಚಕ್ರ. ತ್ಯಾಗ ಚಕ್ರದ ಗೋಡೆಗಳನ್ನು ಚಕ್ರವ್ಯೂಹದ ಹಾಗೆ ಜೋಡಿಸಿದ್ದಾರೆ. ಒಂದೊಂದು ಗ್ರಾನೈಟ್ ಇಟ್ಟಿಗೆಯ ಮೇಲೆ ಒಬ್ಬೊಬ್ಬ ಸೈನಿಕನ ಹೆಸರು, ದರ್ಜೆ, ರೆಜಿಮೆಂಟ್. ಉದ್ಘಾಟನೆಯ ಹೊತ್ತಿಗೇ ಅಂಥ 25,942 ಹೆಸರುಗಳಿದ್ದವು. ಹೊರಡುವ ಮೊದಲು ಈ ಸಂಖ್ಯೆಯನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ, ಆದರೆ ಇಪ್ಪತ್ತೈದು ಸಾವಿರ ಹೆಸರುಗಳಲ್ಲಿ ಒಂದನ್ನು ಹುಡುಕುವುದೆಂದರೆ ಏನು ಎಂದು ಯೋಚಿಸಿರಲಿಲ್ಲ.

ಅಲ್ಲಿದ್ದ ಸಿಬ್ಬಂದಿಯೊಬ್ಬರು ಬಹಳ ಸೌಜನ್ಯದಿಂದ, ‘ನಂಬರ್ ಹೇಳಿ’ ಎಂದರು. ಯಾವ ನಂಬರ್ ಎಂದು ನಾನು ಕೇಳಿದೆ. ಸೈನಿಕನಾದವನಿಗೆ ಒಂದು ನಂಬರ್ ಇರುತ್ತದೆ, ಹೆಸರು ಹತ್ತು ಜನಕ್ಕಿರಬಹುದು, ನಂಬರ್ ಒಬ್ಬನಿಗೇ ಎಂದರು. ನಮ್ಮಲ್ಲಿ ಅದಿರಲಿಲ್ಲ. ರೆಜಿಮೆಂಟ್ ಯಾವುದು ಎಂದರು. ತರಬೇತಿ ಬೆಂಗಳೂರಿನಲ್ಲಾಗಿತ್ತು, ಲಾರಿ ಓಡಿಸುತ್ತಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು ಎಂದು ನನ್ನ ಪತ್ನಿ ಹೇಳಿದಳು. ಹಾಗಾದರೆ ಸೇನೆಯ ಸಾಗಣೆ ನೋಡಿಕೊಳ್ಳುವ ಆರ್ಮಿ ಸರ್ವಿಸ್ ಕೋರ್ ಇರಬೇಕು ಎಂದು ಅದರಲ್ಲಿ ಹುಡುಕಿದರು. ದರ್ಜೆ ಎಂದರೆ ಸಿಪಾಯಿ ಎಂದೆವು. ಹೆಸರಿಗೆ ಇನಿಷಿಯಲ್ ಏನು ಎಂದಾಗ ಮಾತ್ರ ಆಕೆ ಧೈರ್ಯದಿಂದ, ಎಸ್.ಪಿ.ಆರ್. ಎಂದಳು. ಸಿಗಲಿಲ್ಲ. ಇನಿಷಿಯಲ್ ಹಿಂದೆ ಮುಂದೆ ಮಾಡಿದೆವು, ಹೆಸರಿನ ಕಾಗುಣಿತವನ್ನು ನಾಲ್ಕು ರೀತಿ ಬದಲಿಸಿದೆವು. ಸಿಗಲಿಲ್ಲ. ಊರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಸೂರ್ಯ ಮುಳುಗುವ ಹೊತ್ತಾಗಿ, ಸಂಜೆಯ ಗೌರವ ಕಾರ್ಯಕ್ರಮ ಆರಂಭವಾಯಿತು. ಹುತಾತ್ಮರೊಬ್ಬರ ಮನೆಯವರು ಬಂದು ಪುಷ್ಪಗುಚ್ಛ ಇಡುವ ಕ್ರಮ ಅದು. ಅಂದು ಬಂದಿದ್ದವರು ವಯಸ್ಸಾದ ಒಬ್ಬ ತಾಯಿ. ಅವರ ಮಗನ ಹೆಸರನ್ನು, ದರ್ಜೆಯನ್ನು, ರೆಜಿಮೆಂಟನ್ನು ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ ಹೇಳಿದರು. ನನ್ನ ಪತ್ನಿ ಬೆಂಗಳೂರಿನಿಂದ ತಂದಿದ್ದ ಗಂಧದ ಹಾರದ ಪೊಟ್ಟಣವನ್ನು ಕೈಚೀಲದಿಂದ ತೆಗೆಯಲೇ ಇಲ್ಲ.

ತಪ್ಪು ಎಲ್ಲಿ ಆಯಿತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಅದನ್ನೇ ಮಾಡುವ ದಾರಿಯಲ್ಲಿದ್ದೀರಿ. ಹದಿನೈದು ದಿನ ಮೊದಲು ನಾನು ಟೈರು ಬದಲಿಸಿದೆ, ಫಾಸ್ಟ್ಯಾಗ್‌ಗೆ ಹಣ ತುಂಬಿದೆ, ಹೋಟೆಲುಗಳನ್ನು ಗೊತ್ತುಮಾಡಿದೆ, ಉತ್ತರದ ಚಳಿಗೆಂದು ಉಣ್ಣೆಯ ಟೋಪಿ ಕೊಂಡೆ. ಪತ್ನಿಯ ಅತ್ತೆಗೆ, ಅಂದರೆ ತೀರಿಕೊಂಡ ಮಾವನ ಹೆಂಡತಿಗೆ, ಒಂದು ಫೋನ್ ಮಾಡಲಿಲ್ಲ. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ, ಹಳೆಯ ನೋವನ್ನು ಯಾಕೆ ಕೆದಕಬೇಕು ಎಂದುಕೊಂಡೆ. ಹೀಗೆ ಅಂದುಕೊಳ್ಳುವುದು ಸೂಕ್ಷ್ಮತೆಯಂತೆ ಕಾಣುತ್ತದೆ, ಅದು ಸೋಮಾರಿತನ. ಐವತ್ತು ವರ್ಷ ಪಿಂಚಣಿ ಪಡೆದವರ ಬಳಿ ಪಿಂಚಣಿಯ ಆದೇಶಪತ್ರ ಇದ್ದೇ ಇರುತ್ತದೆ, ಅದರಲ್ಲಿ ನಂಬರ್ ಇದ್ದೇ ಇರುತ್ತದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಅಂಥ ಎಷ್ಟೋ ಪತ್ರಗಳನ್ನು ಕೈಯಾರೆ ನೋಡಿದವನು ನಾನು. ನಂಬರ್ ಇದ್ದರೆ ದರ್ಜೆ, ರೆಜಿಮೆಂಟ್, ಸೇನೆಯ ದಾಖಲೆಯಲ್ಲಿರುವ ನಿಜವಾದ ಹೆಸರು ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಇಲ್ಲದಿದ್ದರೆ ಮನೆಯಲ್ಲಿ ಕರೆಯುವ ಹೆಸರು ಹಿಡಿದುಕೊಂಡು ಗೋಡೆಗಳ ಸುತ್ತ ಸುತ್ತುವುದಷ್ಟೇ.

ಸಂಕ್ರಾಂತಿಗೆ ಊರಿಗೆ ಹೋದಾಗ ಅತ್ತೆಯವರನ್ನು ಕೇಳಿದೆವು. ಅವರು ಅಳಲಿಲ್ಲ, ಬೇಸರಪಡಲೂ ಇಲ್ಲ. ಅಟ್ಟದ ಮೇಲಿರುವ ಟ್ರಂಕು ನೋಡು ಎಂದರು. ಹತ್ತಿ ನೋಡಿದರೆ, ಗೋಣಿಚೀಲಗಳ ಕೆಳಗೆ, ಹಬ್ಬದ ಹಿತ್ತಾಳೆ ಪಾತ್ರೆ ತುಂಬಿಟ್ಟ ಕಪ್ಪು ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಉದ್ದನೆಯ ಸಂಖ್ಯೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ಎಸ್‌ಪಿಆರ್ ಎಂಬ ಮೂರು ಅಕ್ಷರ, ನಂತರ ಹೆಸರು. ಎಸ್ ಎಂದರೆ ಊರ ಹೆಸರು, ಪಿ ಎಂದರೆ ಅವರ ತಂದೆಯ ಹೆಸರು ಎಂದು ಮನೆಯವರು ಐವತ್ತು ವರ್ಷ ನಂಬಿದ್ದರು. ಆರ್ ಏನೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಬನಶಂಕರಿಯ ನಮ್ಮ ಬೀದಿಯಲ್ಲಿರುವ ಮಾಜಿ ಸೈನಿಕರೊಬ್ಬರಿಗೆ ಅದರ ಫೋಟೊ ತೋರಿಸಿದಾಗ ಅವರು ನಕ್ಕು, ‘ಸಾರ್, ಇದು ಇನಿಷಿಯಲ್ ಅಲ್ಲ, ಸ್ಯಾಪರ್’ ಎಂದರು. ಕಾಲಾಳು ಪಡೆಯಲ್ಲಿ ಸಿಪಾಯಿ ಎನ್ನುವ ದರ್ಜೆಗೆ ಇಂಜಿನಿಯರ್ ಪಡೆಯಲ್ಲಿ ಸ್ಯಾಪರ್ ಎನ್ನುತ್ತಾರೆ. ಮಾವ ಲಾರಿ ಓಡಿಸಿದವರಲ್ಲ, ಮದ್ರಾಸ್ ಇಂಜಿನಿಯರ್ ಗ್ರೂಪಿನವರು. 1780ರಷ್ಟು ಹಳೆಯ, ನಮ್ಮ ಹಲಸೂರು ಕೆರೆಯ ಪಕ್ಕದಲ್ಲೇ ಕೇಂದ್ರವಿರುವ ಪಡೆ. 1971ರಲ್ಲಿ ಪಾಕಿಸ್ತಾನದ ಶಕರಗಢ ವಲಯದಲ್ಲಿ, ಬಸಂತರ್ ನದಿಯ ಬಳಿ, ನಮ್ಮ ಟ್ಯಾಂಕುಗಳು ದಾಟಿಹೋಗಲು ನೆಲಬಾಂಬುಗಳ ನಡುವೆ ದಾರಿ ಬಿಡಿಸಿಕೊಟ್ಟವರಲ್ಲಿ ಆ ಪಡೆಯವರೂ ಇದ್ದರು. ಅತ್ತೆಯವರಿಗೆ ಇದನ್ನು ಹೇಳಿದಾಗ, ‘ಲಾರಿ ಅಂತ ನಾನೇ ಹೇಳುತ್ತಿದ್ದೆ, ಬಾಂಬು ಅಂದರೆ ನಿಮ್ಮಜ್ಜಿ ಊಟ ಬಿಡುತ್ತಿದ್ದರು’ ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತು, ಕೇಳಿದವರಿರಲಿಲ್ಲ.

2024ರ ಫೆಬ್ರವರಿಯಲ್ಲಿ ವಿಮಾನದಲ್ಲಿ ಹೋಗಿ, ಎರಡು ದಿನ ಅದೊಂದೇ ಸ್ಥಳಕ್ಕೆ ಹೋಗಿ ಬಂದೆವು. ಹೆಸರು ಸಿಕ್ಕಿತು. ಇಟ್ಟಿಗೆ ನನ್ನ ಪತ್ನಿಯ ಭುಜದ ಎತ್ತರದಲ್ಲಿತ್ತು. ಆಕೆ ಬೆರಳಿನಿಂದ ಅಕ್ಷರಗಳನ್ನು ಮುಟ್ಟಿ, ‘ದರ್ಜೆ ಸರಿಯಾಗಿ ಬರೆದಿದ್ದಾರೆ’ ಎಂದಳು.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಷ್ಟು ಸ್ಥಳ ಎಂಬ ಪ್ರಶ್ನೆಯೇ ಸರಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೋಟೆಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಅವನ್ನು ಬೇರೊಂದು ರಜೆಗೆ ಬಿಡಿ. ಹೋಗಲೇಬೇಕೆಂದರೆ ಗೋಲ್ಕೊಂಡ ಮತ್ತು ಗ್ವಾಲಿಯರ್ ಎರಡೇ ಇರಲಿ, ಪ್ರತಿಯೊಂದಕ್ಕೂ ಒಂದು ಪೂರ್ತಿ ದಿನ ಕೊಡಿ. ಡಿಸೆಂಬರ್ ಕೊನೆಯಲ್ಲಿ ಗ್ವಾಲಿಯರ್ ದಾಟಿದ ಮೇಲೆ ಬೆಳಗಿನ ಮಂಜಿನಲ್ಲಿ ಮುಂದಿನ ಲಾರಿಯ ಹಿಂದೀಪವೂ ಕಾಣಿಸುವುದಿಲ್ಲ, ಬಿಸಿಲು ಬರುವವರೆಗೆ ಕಾರು ತೆಗೆಯಬೇಡಿ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿರುವುದು ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳು. ಪಕ್ಕದ ಇಂಡಿಯಾ ಗೇಟ್ 1931ರಲ್ಲಿ ಅನಾವರಣಗೊಂಡದ್ದು, ಅದರ ಮೇಲಿನ ಹೆಸರುಗಳು ಮೊದಲ ಮಹಾಯುದ್ಧ ಮತ್ತು ಆಫ್ಘನ್ ಯುದ್ಧದ ಕಾಲದವು. ನಿಮ್ಮ ಪತ್ನಿಯ ತಾತ ಮಡಿದದ್ದು ಬರ್ಮಾದಲ್ಲಿ, ಎರಡನೇ ಮಹಾಯುದ್ಧದಲ್ಲಿ ಎಂದಾದರೆ ಅವರ ಹೆಸರು ಈ ಎರಡರಲ್ಲೂ ಇರುವುದಿಲ್ಲ. ನೀವು ಕಾರು ತಿರುಗಿಸುವ ದಿಕ್ಕೇ ತಪ್ಪು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷರ ಕಡೆ ಹೋರಾಡಿ ಸತ್ತವರ ಹೆಸರನ್ನು ಮನೆಯಲ್ಲಿ ಕುಳಿತೇ ಹುಡುಕಬಹುದು. ಸಮಾಧಿಯೇ ಇಲ್ಲದ ಬರ್ಮಾ ರಣರಂಗದ ಸುಮಾರು ಇಪ್ಪತ್ತೇಳು ಸಾವಿರ ಜನರ ಹೆಸರುಗಳು ಯಾಂಗೂನ್ ಸಮೀಪದ ಟೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿವೆ. 1944ರ ಕೊಹಿಮಾ, ಇಂಫಾಲ ಕದನಗಳಲ್ಲಿ ಮಡಿದವರಾದರೆ ಅಲ್ಲಿನ ಯುದ್ಧ ಸ್ಮಶಾನಗಳಲ್ಲೂ ಹುಡುಕಬೇಕು.

ಎಲ್ಲಕ್ಕೂ ಮೊದಲು ಒಂದು ಭಾನುವಾರ ನೀವಿಬ್ಬರೂ ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಿಬನ್ನಿ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಸುಮಾರು ಕ್ರಿ.ಶ. 890ರ ಶಾಸನ ಅಲ್ಲಿನದು. ಅದು ರಾಜನ ದಾನಪತ್ರವಲ್ಲ, ಬೆಂಗಳೂರಿನ ಕಾಳಗದಲ್ಲಿ ಸತ್ತವನನ್ನು ಹೇಳುವ ಕಲ್ಲು. ಸತ್ತವನು ಯಾರು, ಯಾರ ಕಡೆಯವನು, ಯಾವ ಕಾಳಗ ಎಂಬುದನ್ನೆಲ್ಲ ಅದನ್ನು ಕೆತ್ತಿಸಿದವರು ವಿಚಾರಿಸಿಕೊಂಡಿದ್ದರು. ಅಲ್ಲಿಂದ ನೇರವಾಗಿ ನಿಮ್ಮ ಪತ್ನಿಯ ತವರಿಗೆ ಹೋಗಿ, ಅಟ್ಟದ ಮೇಲೆ ಟ್ರಂಕು ಇದೆಯೇ ಎಂದು ಕೇಳಿ. ಇದ್ದರೆ ಮುಚ್ಚಳದ ಮೇಲಿನ ಬಿಳಿ ಅಕ್ಷರಗಳ ಫೋಟೊವನ್ನು ಇಲ್ಲಿಯೇ ಹಾಕಿ, ನಮ್ಮ ಬೀದಿಯವರಿಗೆ ತೋರಿಸಿ ಓದಿಸಿ ಹೇಳುತ್ತೇನೆ.